ವೇದಿಕೆಯ ಹಿಂದಿನ ಸುರಪುರ

ಬೆಳಗಿನ ಜಾವ ಐದು ಗಂಟೆ. ಯಾದಗಿರಿ ರೈಲು ನಿಲ್ದಾಣದ ಹೊರಗೆ ಬಾಡಿಗೆಯ ಕ್ರೂಸರ್ ಒಂದು ನಿಂತಿದೆ. ಮುಂದಿನ ಗಾಜಿಗೆ ಅಂಟಿಸಿದ ಹಾಳೆಯ ಮೇಲೆ ‘ತಾಲ್ಲೂಕು ಸಾಹಿತ್ಯ ಸಮ್ಮೇಳನ, ಸುರಪುರ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದೆ. ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ಇಬ್ಬರು ನಿಂತಿದ್ದಾರೆ. ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕರು, ಇನ್ನೊಬ್ಬ ಪದವಿ ತರಗತಿಯ ಹುಡುಗ. ಬೆಂಗಳೂರು ಕಡೆಯಿಂದ ಬರುವ ಮೂವರು ಅತಿಥಿಗಳನ್ನು ಎದುರುಗೊಂಡು, ಸುಮಾರು ಅರವತ್ತು ಕಿಲೋಮೀಟರು ದೂರದ ಸುರಪುರಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಅವರ ಪಾಲಿಗೆ ಬಂದ ಕೆಲಸ.

ಸಾಹಿತ್ಯ ಸಮ್ಮೇಳನವೆಂದರೆ ನಮ್ಮ ಕಣ್ಣಿಗೆ ಬೀಳುವುದು ವೇದಿಕೆ, ಹಾರ, ಶಾಲು, ಭಾಷಣ. ಆದರೆ ಒಂದು ಊರು ತನ್ನ ಕೈಯಿಂದಲೇ ಇಂಥ ಹಬ್ಬವನ್ನು ನಡೆಸುವುದು ಹೇಗೆಂದು ತಿಳಿಯಬೇಕಾದರೆ ಪರದೆಯ ಹಿಂದೆ ನಿಂತು ನೋಡಬೇಕು. ಅಲ್ಲಿ ಕಾಣುವ ಸಂಗತಿಗಳು ಪಠ್ಯಪುಸ್ತಕದಲ್ಲಿ ಇರುವುದಿಲ್ಲ.

ಯಾದಗಿರಿ ನಿಲ್ದಾಣಕ್ಕೆ ಹೀಗೆ ಕಾಯುವವರು ಹೊಸಬರಲ್ಲ. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಒಂದನ್ನೊಂದು ಕೂಡಿದವು. ಅಂದಿನಿಂದ ದಕ್ಷಿಣೋತ್ತರವಾಗಿ ಓಡುವ ರೈಲುಗಳೆಲ್ಲ ಈ ಊರಿನ ಕೋಟೆಗುಡ್ಡವನ್ನು ನೋಡಿಕೊಂಡೇ ಹೋಗುತ್ತಿವೆ. ಅದೇ ರೈಲುಗಳು ಈ ನಾಡಿನ ಕೂಲಿಕಾರರನ್ನೂ ಹೊತ್ತೊಯ್ಯುತ್ತವೆ. ಮೂವರು ಅತಿಥಿಗಳು ಇಳಿದ ರೈಲಿನ ಎದುರಿನ ಪ್ಲಾಟ್‌ಫಾರಂ ಮೇಲೆ, ಗಂಟುಮೂಟೆ, ಕೊಡಪಾನ, ಮಲಗಿದ ಮಕ್ಕಳೊಂದಿಗೆ ಐದಾರು ಕುಟುಂಬಗಳು ಬೆಂಗಳೂರಿನ ರೈಲಿಗಾಗಿ ಕುಳಿತಿದ್ದವು. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ಈ ಸೀಮೆಯ ಹಳೆಯ ಕಥೆ. ಅತಿಥಿಗಳಲ್ಲಿ ಹಿರಿಯರೊಬ್ಬರು ಅತ್ತ ನೋಡಿ, ‘ಇವರೆಲ್ಲ ಎಲ್ಲಿಗೆ?’ ಎಂದು ಕೇಳಿದರು. ‘ಕಟ್ಟಡದ ಕೆಲಸಕ್ಕ ಹೊಂಟಾರ್ರೀ ಸರ್’ ಎಂದು ಶಿಕ್ಷಕರು ಹೇಳಿ, ಚೀಲಗಳನ್ನು ಎತ್ತಿಕೊಂಡರು.

ಸಗರನಾಡಿನ ದಾರಿ

ಯಾದಗಿರಿ ದಾಟಿದ ಮೇಲೆ ಭೀಮಾ ನದಿಯ ಸೇತುವೆ. ಅದನ್ನು ದಾಟಿದರೆ ಭೀಮೆ ಮತ್ತು ಕೃಷ್ಣೆಯರ ನಡುವಿನ ನೆಲ. ಶಹಾಪುರ, ಸುರಪುರಗಳ ಸುತ್ತಿನ ಈ ಪ್ರದೇಶವನ್ನು ಜನ ಅಭಿಮಾನದಿಂದ ‘ಸಗರನಾಡು’ ಎನ್ನುತ್ತಾರೆ. 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ ಯಾದಗಿರಿ ಜಿಲ್ಲೆಯಾಯಿತು. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ತಾಲ್ಲೂಕುಗಳೂ ರೂಪುಗೊಂಡವು.

ದಾರಿಯ ಎರಡೂ ಬದಿಗೆ ಕಪ್ಪು ಮಣ್ಣು, ತೊಗರಿ, ಹತ್ತಿ. ಕಾಲುವೆ ಮುಟ್ಟಿದ ಕಡೆ ಭತ್ತದ ಗದ್ದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆ ಕಾಲುವೆಯ ನೀರು ಹರಿದ ಊರುಗಳ ಬದುಕು ಒಂದು ಬಗೆ, ಮಳೆಯನ್ನೇ ನಂಬಿದ ಊರುಗಳದು ಇನ್ನೊಂದು ಬಗೆ. ಗುಳೆ ಹೋಗುವವರು ಹೆಚ್ಚಾಗಿ ಈ ಎರಡನೆಯ ಊರುಗಳವರು.

ಶಹಾಪುರ ಸಮೀಪಿಸುತ್ತಿದ್ದಂತೆ ಬೆಟ್ಟಗಳ ಸಾಲು ಎದ್ದು ನಿಲ್ಲುತ್ತದೆ. ಒಂದು ಕೋನದಿಂದ ನೋಡಿದಾಗ ಆ ಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಗದ್ದ, ಎದೆ ಎಲ್ಲವೂ ಸ್ಪಷ್ಟ. ಇದನ್ನು ಯಾರೂ ಕೆತ್ತಿದ್ದಲ್ಲ. ಈ ಭಾಗದ ಬೆಣಚುಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಂಡೆಯೊಳಗಿನ ಬಿರುಕುಗಳಲ್ಲಿ ನೀರಿಳಿದು, ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಮೂಲೆಗಳು ಮೊದಲು ಸವೆದು, ಚೌಕಾಕಾರದ ಬಂಡೆ ನಿಧಾನವಾಗಿ ಗುಂಡಾಗುತ್ತದೆ. ಹಲವು ಗುಡ್ಡಗಳ ಅಂಚುಗಳು ಒಂದೇ ಗೆರೆಯಲ್ಲಿ ಕೂಡಿದಾಗ ಬುದ್ಧ ಕಾಣುತ್ತಾನೆ. ನಾವು ನಾಲ್ಕು ಫರ್ಲಾಂಗು ಮುಂದೆ ಸರಿದರೆ ಮಾಯವಾಗುತ್ತಾನೆ. ನೋಡುವವನ ನಿಲುವು ಬದಲಾದರೆ ನೋಟವೂ ಬದಲಾಗುತ್ತದೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಶಹಾಪುರದಲ್ಲಿ ಎರಡು ಕೆಲಸ. ಮೊದಲನೆಯದು ಸುಸಲಾ, ಮಿರ್ಚಿ ಭಜಿ ಮತ್ತು ಚಹಾ. ಎರಡನೆಯದು ಮುದ್ರಣಾಲಯದಿಂದ ಸ್ಮರಣ ಸಂಚಿಕೆಯ ಕಟ್ಟುಗಳನ್ನು ಒಯ್ಯುವುದು. ಮುದ್ರಣಾಲಯದವರು ರಾತ್ರಿಯಿಡೀ ನಿದ್ದೆಗೆಟ್ಟು ಹೊಲಿಗೆ ಹಾಕಿದ್ದರು. ಕಟ್ಟುಗಳಿಂದ ಇನ್ನೂ ಶಾಯಿ ಮತ್ತು ಅಂಟಿನ ವಾಸನೆ. ಪದವಿ ಹುಡುಗ ಒಂದು ಪ್ರತಿಯನ್ನು ಬಿಡಿಸಿ, ಕೊನೆಯ ಪುಟಗಳನ್ನು ತಿರುವಿ, ‘ಬಂದದ ಸರ್, ಹುಡುಗೀ ಕವನ ಬಂದದ’ ಎಂದ. ಶಿಕ್ಷಕರ ಮುಖ ಅರಳಿತು. ಆ ಹುಡುಗಿಯ ವಿಚಾರ ಮುಂದೆ ಬರುತ್ತದೆ.

ಶಹಾಪುರದ ಬಳಿ ವಿಭೂತಿಹಳ್ಳಿಯೆಂಬ ಊರಿದೆ. ಅಲ್ಲಿ ಬೃಹತ್ ಶಿಲಾಯುಗದ ಜನ ದೊಡ್ಡ ದೊಡ್ಡ ಗುಂಡುಗಳನ್ನು ಸಾಲುಸಾಲಾಗಿ, ಚದುರಂಗದ ಮನೆಯಂತೆ ಜೋಡಿಸಿಟ್ಟಿದ್ದಾರೆ. ಸೂರ್ಯೋದಯದ ದಿಕ್ಕಿಗೂ ಈ ಸಾಲುಗಳಿಗೂ ಸಂಬಂಧವುಂಟೇ ಎಂದು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಹುಣಸಗಿ ಕಡೆಯ ಇಸಾಂಪುರಕ್ಕೆ ಹೋಗಬೇಕು. ಪ್ರಾಕ್ತನಶಾಸ್ತ್ರಜ್ಞ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಆದಿಮಾನವರು ಸುಣ್ಣಕಲ್ಲಿನಿಂದ ಆಯುಧ ಮಾಡುತ್ತಿದ್ದ ‘ಕಾರ್ಖಾನೆ’ಯನ್ನೇ ಬಗೆದು ತೆಗೆಯಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಅಂದಾಜಾಗಿದೆ. ಮನುಷ್ಯನ ಕೈ ಇಲ್ಲಿ ಕೆಲಸ ಕಲಿತು ಅಷ್ಟು ಕಾಲವಾಯಿತು. ಆ ಕೈ ಅಕ್ಷರ ಬರೆಯತೊಡಗಿದ್ದು ಅದರ ಮುಂದೆ ನಿನ್ನೆ ಮೊನ್ನೆಯ ಮಾತು.

ಬೆಟ್ಟದ ಮಡಿಲಿನ ಊರು

ಸುರಪುರ ಗುಡ್ಡಗಳ ನಡುವೆ ಅಡಗಿ ಕುಳಿತ ಊರು. ಏರಿಳಿತದ ಓಣಿಗಳು, ಕಲ್ಲಿನ ಮೆಟ್ಟಿಲುಗಳು, ಅರಮನೆ, ವೇಣುಗೋಪಾಲಸ್ವಾಮಿ ಗುಡಿ. ನಾಯಕ ದೊರೆಗಳ ಈ ರಾಜಧಾನಿಗೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಬಂದವನು ಫಿಲಿಪ್ ಮೆಡೋಸ್ ಟೇಲರ್. ಅವನು ಕಾದಂಬರಿಕಾರನೂ ಹೌದು. ಠಕ್ಕರ ಕುರಿತು ಬರೆದ ಅವನ ಕಾದಂಬರಿ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಶಿಕ್ಷಣವನ್ನು ನೋಡಿಕೊಂಡವನು ಅವನೇ. ಹುಡುಗ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂದು ಟೇಲರನ ಆತ್ಮಕಥೆ ಹೇಳುತ್ತದೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕು, ಅದೇ ವರ್ಷ ಗುಂಡಿಗೆ ಬಲಿಯಾದ. ಟೇಲರ್ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಗುಡ್ಡದ ಮೇಲಿದೆ.

ಕನ್ನಡದ ಹಬ್ಬವೂ ಈ ಊರಿಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತದ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಆಗಿದ್ದ ಕಾಲದಲ್ಲೇ ಇಲ್ಲಿ ಕನ್ನಡ ಸಾಹಿತ್ಯ ಸಂಘ ಹುಟ್ಟಿಕೊಂಡಿತು. ದಸರೆಯ ಹೊತ್ತಿನಲ್ಲಿ ನಾಡಹಬ್ಬವನ್ನು ನಡೆಸುವ ಅದರ ಪರಿಪಾಠ ತಲೆಮಾರುಗಳಿಂದ ಬಂದಿದೆ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಿಲೀನವಾಯಿತು; 1956ರ ನವೆಂಬರ್ 1ರಂದು ಈ ಭಾಗ ಕನ್ನಡ ನಾಡಿನೊಂದಿಗೆ ಒಂದಾಯಿತು. ಅಷ್ಟರೊಳಗೆ ಸುತ್ತಲಿನ ಊರುಗಳು ಅಖಿಲ ಭಾರತ ಸಮ್ಮೇಳನಗಳನ್ನೇ ಕಂಡಿದ್ದವು: 1928ರಲ್ಲಿ ಕಲಬುರ್ಗಿಯಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷತೆ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆ, 1949ರಲ್ಲಿ ಮತ್ತೆ ಕಲಬುರ್ಗಿಯಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆ. ತಾಲ್ಲೂಕು ಸಮ್ಮೇಳನ ಅಂಥ ದೊಡ್ಡ ತೇರಿನ ಹಿಂದೆ ಬರುವ ಚಿಕ್ಕ ರಥ. ಆದರೆ ಎಳೆಯುವ ಕೈಗಳು ಊರಿನವೇ.

ಮಹಾದ್ವಾರಗಳಿಗೆ ಇಟ್ಟ ಹೆಸರುಗಳೇ ಅರ್ಧ ಚರಿತ್ರೆ ಹೇಳುತ್ತಿದ್ದವು. ವಚನಕಾರರಲ್ಲಿ ಹಿರಿಯನಾದ, ಮುದನೂರಿನ ನೇಕಾರ ಜೇಡರ ದಾಸಿಮಯ್ಯ, ಕೊಡೇಕಲ್ಲಿನ ಬಸವಣ್ಣ, ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ತಿಂಥಣಿಯ ಮೌನೇಶ್ವರ. ದ್ವಾರಕ್ಕೆ ಮಾವಿನ ತೋರಣ ಕಟ್ಟುತ್ತಿದ್ದ ಹುಡುಗನನ್ನು ಹಿರಿಯ ಅತಿಥಿ ಮಾತಾಡಿಸಿದರು. ‘ದಾಸಿಮಯ್ಯ ಯಾರು ಗೊತ್ತೇನಪ್ಪ?’ ಹುಡುಗ ಏಣಿಯ ಮೇಲಿನಿಂದಲೇ, ‘ನಮ್ಮ ಕಡೀಯವ್ರ್ರೀ’ ಎಂದ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಅಂಕ ಸಿಗಲಿಕ್ಕಿಲ್ಲ; ಆದರೆ ಉತ್ತರ ತಪ್ಪಲ್ಲ.

ಒಲೆಯ ಮುಂದೆ

ಶಾಲೆಯ ಹಿಂಭಾಗದಲ್ಲಿ ಅಗೆದ ಉದ್ದನೆಯ ಒಲೆಗಳ ಮೇಲೆ ಬೆಳಗಿನ ನಾಲ್ಕರಿಂದಲೇ ಕೊಪ್ಪರಿಗೆಗಳು ಕುಳಿತಿವೆ. ಒಂದರಲ್ಲಿ ಗೋಧಿ ಹುಗ್ಗಿ, ಇನ್ನೊಂದರಲ್ಲಿ ಬದನೆಕಾಯಿ ಪಲ್ಯ, ಮತ್ತೊಂದರಲ್ಲಿ ಬೇಳೆ. ಜೋಳದ ರೊಟ್ಟಿ ಮಾತ್ರ ಇಲ್ಲಿ ಸುಡುತ್ತಿಲ್ಲ. ಓಣಿಯ ಮನೆಮನೆಗಳಲ್ಲಿ ತಟ್ಟಿ, ಹೆಣ್ಣುಮಕ್ಕಳು ಬಿಳಿ ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಹೊತ್ತು ತರುತ್ತಿದ್ದಾರೆ. ಒಬ್ಬೊಬ್ಬರದು ಇಪ್ಪತ್ತು, ಮೂವತ್ತು ರೊಟ್ಟಿ. ಯಾರ ಮನೆಯದು ಎಷ್ಟೆಂದು ಬರೆದಿಡುವವರಿಲ್ಲ.

ಅಡುಗೆಯವರಿಗೆ ಒಂದೇ ಚಿಂತೆ. ನೀರಿನ ಟ್ಯಾಂಕರು ಇನ್ನೂ ಬಂದಿಲ್ಲ. ಶಾಲೆಯ ಕೊಳವೆ ಬಾವಿಯಲ್ಲಿ ನೀರೇನೋ ಇದೆ. ‘ಬೋರಿನ ನೀರಿನ್ಯಾಗ ಬ್ಯಾಳಿ ಬೇಯಂಗಿಲ್ರಿ, ಹೊಳಿ ನೀರೇ ಬೇಕು’ ಎಂದು ಅವರ ಹಟ. ಇದು ಬರೀ ಹಟವಲ್ಲ. ಆಳದ ನೀರಿನಲ್ಲಿ ಕ್ಯಾಲ್ಸಿಯಂ ಲವಣಗಳು ಹೆಚ್ಚು. ಅವು ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವನ್ನು ಗಟ್ಟಿಗೊಳಿಸುತ್ತವೆ. ಎಷ್ಟು ಕುದಿಸಿದರೂ ಬೇಳೆ ಕರಗದು. ಶಾಲೆಯ ಮೆಟ್ಟಿಲು ಹತ್ತದ ಅಡುಗೆಯವರು ಈ ರಸಾಯನಶಾಸ್ತ್ರವನ್ನು ಸೌಟಿನಿಂದಲೇ ಕಲಿತಿದ್ದಾರೆ. ಒಂಬತ್ತಕ್ಕೆ ಟ್ಯಾಂಕರು ಬಂತು, ಬೇಳೆ ಬೆಂದಿತು.

ಅತ್ತ ಪೆಂಡಾಲಿನಲ್ಲಿ ಮೈಕು ಕಿರ್ರೆಂದು ಕೂಗತೊಡಗಿತ್ತು. ಧ್ವನಿವರ್ಧಕದಿಂದ ಹೊರಟ ಶಬ್ದ ಮತ್ತೆ ಮೈಕಿನ ಬಾಯಿಗೇ ಬಿದ್ದು, ಮತ್ತಷ್ಟು ಹಿಗ್ಗಿ, ಪುನಃ ಹೊರಬಂದು, ಹೀಗೆ ಸುತ್ತುತ್ತಲೇ ಹೋದರೆ ಆ ಕೂಗು ಹುಟ್ಟುತ್ತದೆ. ಮೈಕಿನ ಹುಡುಗ ಪೆಟ್ಟಿಗೆಗಳನ್ನು ವೇದಿಕೆಗಿಂತ ನಾಲ್ಕು ಮಾರು ಮುಂದಕ್ಕೆ ಸರಿಸಿ, ಬಾಯಿಯನ್ನು ಜನರ ಕಡೆಗೆ ತಿರುಗಿಸಿದ. ಕೂಗು ನಿಂತಿತು.

ಹತ್ತು ನಿಮಿಷದ ಬೆಲೆ

ಮೆರವಣಿಗೆ ಎಂಟಕ್ಕೆ ಹೊರಡಬೇಕಿತ್ತು. ಭುವನೇಶ್ವರಿಯ ಭಾವಚಿತ್ರ, ಡೊಳ್ಳು, ಹಲಗೆ, ಲೇಜಿಮು, ಕುಂಭ ಹೊತ್ತ ಹೆಣ್ಣುಮಕ್ಕಳು ಎಲ್ಲ ಕೂಡುವ ಹೊತ್ತಿಗೆ ಒಂಬತ್ತೂವರೆ. ಓಣಿಓಣಿಗೆ ನಿಂತು ಆರತಿ. ಉದ್ಘಾಟನೆ ಶುರುವಾದಾಗ ಹನ್ನೊಂದೂಮುಕ್ಕಾಲು. ಪರದೆಯ ಹಿಂದೆ ಗಡಿಯಾರ ನೋಡುತ್ತ ನಿಂತವರು ಸಂಚಾಲಕರು, ಪ್ರೌಢಶಾಲೆಯ ಕನ್ನಡ ಶಿಕ್ಷಕರು. ಅವರ ಕೈಯಲ್ಲಿ ಚೀಟಿಗಳ ಕಂತೆ. ಕಣ್ಣು ಮಾತ್ರ ಪೆಂಡಾಲಿನ ಕಡೆಯ ಸಾಲಿನ ಮೇಲೆ.

ಅಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರದಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಂದೆ, ಹೆಗಲ ಮೇಲೆ ಟವೆಲು. ಮಕ್ಕಳ ಕವನ ವಾಚನ ಇದ್ದದ್ದು ಮಧ್ಯಾಹ್ನ ಮೂರಕ್ಕೆ. ಆದರೆ ಅವರ ಮನೆಯವರೆಲ್ಲ ಅಂದೇ ರಾತ್ರಿ ಯಾದಗಿರಿಯಿಂದ ಬೆಂಗಳೂರಿನ ರೈಲು ಹತ್ತುವವರಿದ್ದರು. ಹುಡುಗಿಯೂ ಅವರೊಂದಿಗೆ. ಮೂರಕ್ಕೆ ಅವರು ಊರಿಗೆ ಮರಳಿ ಗಂಟು ಕಟ್ಟಬೇಕು. ಈಗಿನ ವೇಗ ನೋಡಿದರೆ ಮಕ್ಕಳ ಸರದಿ ಐದಕ್ಕೂ ಬರುವಂತಿರಲಿಲ್ಲ.

ಸಂಚಾಲಕರು ಒಂದು ಚೀಟಿ ಬರೆದು ಸಮ್ಮೇಳನಾಧ್ಯಕ್ಷರಿಗೆ ಕಳಿಸಿದರು. ವೇದಿಕೆಯ ಮೇಲಿನವರಿಗೆ ಚೀಟಿ ಬಂದರೆ ಸಾಮಾನ್ಯವಾಗಿ ‘ಬೇಗ ಮುಗಿಸಿ’ ಎಂಬುದೇ ಅದರ ಅರ್ಥ. ಅಧ್ಯಕ್ಷರು ಚೀಟಿಯನ್ನು ಎರಡು ಸಲ ಓದಿದರು. ಭಾಷಣಕ್ಕೆ ಎದ್ದು ನಿಂತಾಗ, ‘ನನ್ನ ಭಾಷಣ ಅಚ್ಚಾಗಿ ನಿಮ್ಮ ಕೈಯಲ್ಲಿದೆ. ಅದರಲ್ಲಿ ಹತ್ತು ನಿಮಿಷ ಒಬ್ಬ ವಿದ್ಯಾರ್ಥಿನಿಗೆ ಕೊಡುತ್ತೇನೆ’ ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದರು.

ಹುಡುಗಿಗೆ ಮೈಕು ಎತ್ತರವಾಗಿತ್ತು. ಮೈಕಿನ ಹುಡುಗ ಓಡಿ ಬಂದು ಇಳಿಸಿದ. ಅವಳ ಕವನ ಅಟ್ಟದ ಮೇಲಿಟ್ಟ ಪಾಟೀಚೀಲದ ಕುರಿತಾದದ್ದು. ಮನೆಗೆ ಬೀಗ ಹಾಕಿ ಎಲ್ಲರೂ ಹೋದ ಮೇಲೆ ಆ ಚೀಲ ಕತ್ತಲಲ್ಲಿ ತಾನೇ ಮಗ್ಗಿ ಹೇಳಿಕೊಳ್ಳುತ್ತದೆ. ಇಲಿಗೆ ಓದಲು ಕಲಿಸುತ್ತದೆ. ಮಳೆಗಾಲ ಬಂದು ಬಾಗಿಲು ತೆರೆದಾಗ ತನ್ನ ಒಡತಿಯ ಕೈ ಒರಟಾದದ್ದನ್ನು ಕಂಡು ಸುಮ್ಮನಾಗುತ್ತದೆ. ಮೊದಲ ಸಾಲಿಗೆ ಸದ್ದು ಮಾಡುತ್ತಿದ್ದ ಪೆಂಡಾಲು ಕೊನೆಯ ಸಾಲಿಗೆ ನಿಶ್ಶಬ್ದವಾಗಿತ್ತು. ಚಪ್ಪಾಳೆ ತಡವಾಗಿ ಬಂತು.

ಓದಲಾರದವನ ಕವಿತೆ

2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇಕಡಾ 75.36, ಯಾದಗಿರಿ ಜಿಲ್ಲೆಯದು ಶೇಕಡಾ 51.83, ರಾಜ್ಯದಲ್ಲೇ ಅತ್ಯಂತ ಕಡಿಮೆ. ಅಂದರೆ ಏಳು ವರ್ಷ ದಾಟಿದ ಇಬ್ಬರಲ್ಲಿ ಒಬ್ಬರಿಗೆ ಅಂದು ಓದಲು ಬರುತ್ತಿರಲಿಲ್ಲ. ಇಂಥ ಜಿಲ್ಲೆಯಲ್ಲಿ ಸಾಹಿತ್ಯ ಸಮ್ಮೇಳನ ಯಾರಿಗಾಗಿ ಎಂದು ಕೇಳುವವರಿದ್ದಾರೆ. ಉತ್ತರ ಹತ್ತಿರದಲ್ಲೇ ಇದೆ. ಇಲ್ಲಿಂದ ಬಹಳ ದೂರವಿಲ್ಲದ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರೆಂದು ಹೊಗಳಿತು. ರಾಶಿಯ ಕಣದಲ್ಲಿ ಹಂತಿ ಪದ ಹಾಡುವವರನ್ನು, ರಾತ್ರಿಯಿಡೀ ತತ್ವಪದ ಹೇಳುವವರನ್ನು ಕೇಳಿದರೆ ಆ ಮಾತು ಸುಳ್ಳಲ್ಲವೆಂದು ತಿಳಿಯುತ್ತದೆ. ಆದರೆ ಹೊಗಳಿಕೆಯನ್ನೇ ನಂಬಿ ಕುಳಿತರೆ ಬಸ್ಸಿನ ಫಲಕ, ಔಷಧದ ಚೀಟಿ, ಕೂಲಿಯ ಲೆಕ್ಕ ಓದಲಾಗುವುದಿಲ್ಲ. ಸಂವಿಧಾನದ 371(ಜೆ) ವಿಧಿಯಿಂದ 2013ರಿಂದೀಚೆಗೆ ಈ ಭಾಗದ ಮಕ್ಕಳಿಗೆ ಕಾಲೇಜು ಸೀಟುಗಳಲ್ಲಿ, ನೌಕರಿಗಳಲ್ಲಿ ಮೀಸಲಾತಿ ದೊರೆತಿದೆ. ಆದರೆ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವರಿಗೆ ಆ ಬಾಗಿಲು ತೆರೆದಿದ್ದೂ ತೆರೆದಂತಲ್ಲ.

ಊಟದ ಪಂಕ್ತಿಯಲ್ಲಿ ಸಂಚಾಲಕರು ತಂದೆಯ ಎದುರು ಬಂದು ಕುಳಿತರು. ಹುಗ್ಗಿ ಬಡಿಸುವ ತನಕ ಏನೂ ಮಾತಾಡಲಿಲ್ಲ. ಆಮೇಲೆ ಸ್ಮರಣ ಸಂಚಿಕೆಯ ಒಂದು ಪ್ರತಿ ಕೊಟ್ಟರು.

‘ಇದರಾಗ ನಿಮ್ಮ ಮಗಳು ಬರದದ್ದು ಅಚ್ಚಾಗ್ಯದ, ಯಜಮಾನ್ರ.’

ತಂದೆ ಎಡಗೈಯಿಂದ ಪುಸ್ತಕ ಹಿಡಿದು, ‘ಅಕೀ ಹೆಸರು ಎಲ್ಲಿ ಅದರೀ ಸರ್?’ ಎಂದು ಕೇಳಿದರು. ಮಗಳು ಬೆರಳಿಟ್ಟು ತೋರಿಸಿದಳು. ತಂದೆ ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಆ ಅಕ್ಷರಗಳ ಮೇಲೆ ಒಂದು ಸಲ ಆಡಿಸಿದರು. ಪಕ್ಕದಲ್ಲಿದ್ದ ಇನ್ನೊಂದು ಪದವನ್ನು ತೋರಿಸಿ ಇದೇನೆಂದರು. ‘ನಿನ್ನ ಹೆಸರಪ್ಪಾ’ ಎಂದಳು ಹುಡುಗಿ.

‘ವರ್ಷಾಂತ್ಯದ ಪರೀಕ್ಷಾ ಇನ್ನೇನು ಬಂತು’ ಎಂದರು ಶಿಕ್ಷಕರು. ‘ಹುಡುಗೀನ್ನ ಬಿಟ್ಟು ಹೋಗ್ರಿ. ಸರಕಾರಿ ವಸತಿ ನಿಲಯದಾಗ ಜಾಗಾ ಕೇಳೋಣ.’

‘ಹಾಸ್ಟೆಲ್ ಬ್ಯಾಡ್ರೀ ಸರ್.’ ತಂದೆ ಬಹಳ ಹೊತ್ತು ಎಲೆಯನ್ನು ನೋಡಿದರು. ‘ಅಕೀ ಕೈಲೆ ದಿನಾ ಎರಡು ದುಡ್ಡು ಬರ್ತಿತ್ರಿ. ಇರಲಿ. ಪರೀಕ್ಷಾ ಮುಗಿಯೂತನಕ ಅವರಜ್ಜಿ ಹಂತ್ಯಾಕ ಬಿಡ್ತೀನಿ. ಮುಂದಿಂದು ಮುಂದ ನೋಡೂಣು.’

ಶಿಕ್ಷಕರು ಹೆಚ್ಚು ಒತ್ತಾಯ ಮಾಡಲಿಲ್ಲ. ಬಡವರ ಮನೆಯ ಲೆಕ್ಕ ಅವರಿಗೂ ಗೊತ್ತು. ಮೂರು ತಿಂಗಳೆಂದರೆ ಒಂದು ತರಗತಿ. ಒಂದು ತರಗತಿ ಉಳಿದರೆ ಎಸ್ಸೆಸ್ಸೆಲ್ಸಿಗೆ ಒಂದೇ ಮೆಟ್ಟಿಲು.

ರಾತ್ರಿ ಹತ್ತಕ್ಕೆ ಕೊನೆಯ ವಂದನಾರ್ಪಣೆ ಮುಗಿಯಿತು. ವಂದನೆಯ ಪಟ್ಟಿಯಲ್ಲಿ ದಾನಿಗಳು, ಅಧಿಕಾರಿಗಳು, ಅತಿಥಿಗಳು ಇದ್ದರು. ರೊಟ್ಟಿ ತಂದವರಾಗಲಿ, ಟ್ಯಾಂಕರಿನವನಾಗಲಿ, ಮೈಕು ಇಳಿಸಿದ ಹುಡುಗನಾಗಲಿ ಇರಲಿಲ್ಲ. ಅವರು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಕುರ್ಚಿ ಜೋಡಿಸುವವರು ಕುರ್ಚಿ ಜೋಡಿಸುತ್ತಿದ್ದರು. ಕ್ರೂಸರ್ ಮತ್ತೆ ಯಾದಗಿರಿಗೆ ಹೊರಟಿತ್ತು, ಅತಿಥಿಗಳನ್ನು ರೈಲಿಗೆ ಬಿಡಲು.

ಆ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ, ಗಂಟುಮೂಟೆಗಳ ನಡುವೆ ತಂದೆ ಕುಳಿತಿದ್ದನ್ನು ಹಿರಿಯ ಅತಿಥಿ ಗುರುತಿಸಿದರು. ಜೊತೆಗೆ ಹೆಂಡತಿ, ಇಬ್ಬರು ಸಣ್ಣ ಮಕ್ಕಳು. ಹುಡುಗಿ ಇರಲಿಲ್ಲ. ಟವೆಲಿನಲ್ಲಿ ಸುತ್ತಿದ ಸ್ಮರಣ ಸಂಚಿಕೆ ಮಾತ್ರ ತಂದೆಯ ತೊಡೆಯ ಮೇಲಿತ್ತು.